ಮುಂಬಯಿಯಲ್ಲಿ ಶೀಘ್ರಲಿಪಿ

ಆಡಿದ ಮಾತನ್ನು ಆಡಿದ ವೇಗದಲ್ಲೇ ಗೆರೆ, ಕೊಂಡಿ, ಚುಕ್ಕೆಗಳಲ್ಲಿ ಹಿಡಿದಿಡುವ ಬರವಣಿಗೆಯೇ ಶೀಘ್ರಲಿಪಿ. ಮರಾಠಿಯಲ್ಲಿ ಇದು ಲಘುಲೇಖನ. ಮುಂಬಯಿ ಕನ್ನಡಿಗರ ಬಾಯಲ್ಲಿ ಶಾರ್ಟ್‌ಹ್ಯಾಂಡ್. ಈ ನಗರದಲ್ಲಿ ಅದು ಬಹುಕಾಲ ಅನ್ನ ಕೊಟ್ಟ ವಿದ್ಯೆ. ನೌಕರಿಯ ಹಂಗಿಲ್ಲದೆ ಕಲಿಯುವವರಿಗೆ ಈಗ ಅದು ಹವ್ಯಾಸವೂ ಹೌದು.

ಸ್ವಂತ ಖುಷಿಗೆ ಶೀಘ್ರಲಿಪಿ ಬರೆಯುವುದು ಹೊಸತಲ್ಲ. ಲಂಡನ್ನಿನ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಥಾಮಸ್ ಶೆಲ್ಟನ್ ರೂಪಿಸಿದ ಲಿಪಿಯಲ್ಲಿ ದಿನಚರಿ ಬರೆದ. ಹೆಸರುಗಳನ್ನು ಮಾತ್ರ ಹೆಚ್ಚಾಗಿ ಸಾಮಾನ್ಯ ಅಕ್ಷರದಲ್ಲಿ ಬರೆಯುತ್ತಿದ್ದ. ದಿನಚರಿಯಲ್ಲಿ ಮುಂಬಯಿಯ ಪ್ರಸ್ತಾಪವೂ ಇದೆ. 1661ರ ಮದುವೆ ಒಪ್ಪಂದದಂತೆ ಬೊಂಬಾಯಿ ದ್ವೀಪ ಇಂಗ್ಲೆಂಡಿಗೆ ವರದಕ್ಷಿಣೆಯಾಗಿ ಸಿಗಬೇಕಿತ್ತು. ಪೋರ್ಚುಗೀಸರು ಅದರಲ್ಲಿ ಮೋಸ ಮಾಡಿದರೆಂಬ ಸುದ್ದಿ 1663ರ ಮೇ ತಿಂಗಳ ಪುಟದಲ್ಲಿದೆ. ದಿನಚರಿಯನ್ನು ಓದಿ ಬಿಡಿಸಲು ಜಾನ್ ಸ್ಮಿತ್ ಎಂಬಾತನಿಗೆ ವರ್ಷಗಳೇ ಹಿಡಿದವು. ಮೊದಲ ಮುದ್ರಣ ಬಂದದ್ದು 1825ರಲ್ಲಿ.

ಮುಂಬಯಿಯ ಕಚೇರಿಗಳಲ್ಲಿ ನೆಲೆಯೂರಿದ್ದು ಐಸಾಕ್ ಪಿಟ್‌ಮನ್‌ನ ಪದ್ಧತಿ. 1837ರಲ್ಲಿ ಪ್ರಕಟವಾದ ಇದು ಕಾಗುಣಿತವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿಯುತ್ತದೆ. ಒಂದೇ ಗೆರೆ ತೆಳುವಾದರೆ ಪ, ದಪ್ಪವಾದರೆ ಬ. ಹಾಗೆಯೇ ತ-ದ, ಚ-ಜ, ಕ-ಗ. ಕನ್ನಡದ ವರ್ಗಾಕ್ಷರಗಳನ್ನು ಬಾಯಿಪಾಠ ಮಾಡಿದವರಿಗೆ ಈ ಜೋಡಿಗಳು ಪರಿಚಿತವೆನಿಸುತ್ತವೆ. ವೇಗದ ಬರವಣಿಗೆಯಲ್ಲಿ ಸ್ವರಗಳ ಚುಕ್ಕೆಗಳು ಬಿದ್ದುಹೋಗುತ್ತವೆ. ಆಗ ಪದ ನಿಂತ ಜಾಗವೇ ಸ್ವರದ ಸುಳಿವು ಕೊಡಬೇಕು. ಕಾರ್ಲಾ, ಕೇರಳ, ಕುರ್ಲಾ ಮೂರರಲ್ಲೂ ವ್ಯಂಜನಗಳು ಕ-ರ-ಲ ಎಂದೇ ಲೆಕ್ಕ. ಮೊದಲನೆಯದನ್ನು ಸಾಲಿನ ಮೇಲುಗಡೆ, ಎರಡನೆಯದನ್ನು ಸಾಲಿಗೆ ತಾಗಿಸಿ, ಮೂರನೆಯದನ್ನು ಸಾಲನ್ನು ಸೀಳುವಂತೆ ಬರೆದರೆ ಗೊಂದಲವಿಲ್ಲ. ಕಲಿಯುವವರು ಈ ವಿದ್ಯೆಗೆ ಮನಸೋಲುವುದು ಇಂಥ ಕಡೆಯೇ.

ನಗರದಲ್ಲಿ ವಾಣಿಜ್ಯ ಶಿಕ್ಷಣಕ್ಕೆಂದೇ ಸೊಹ್ರಾಬ್ ದಾವರ್ 1900ರಲ್ಲಿ ದಾವರ್ಸ್ ಕಾಲೇಜ್ ತೆರೆದರು. ಆದರೆ ಕಚೇರಿ, ತರಗತಿಗಳ ಆಚೆ ಶೀಘ್ರಲಿಪಿಯ ಬಲವನ್ನು ತೋರಿದ ಪ್ರಕರಣಕ್ಕೆ ಬೆಳಗಾವಿಯ ನಂಟಿದೆ. ಬಾಲಗಂಗಾಧರ ತಿಲಕರು 1916ರ ಮೇ 1ರಂದು ಬೆಳಗಾವಿಯಲ್ಲಿ, ಆ ಬಳಿಕ ಅಹಮದ್‌ನಗರದಲ್ಲಿ ಸ್ವರಾಜ್ಯದ ಕುರಿತು ಮರಾಠಿಯಲ್ಲಿ ಮಾತನಾಡಿದರು. ಸಭೆಯಲ್ಲಿದ್ದ ಪೊಲೀಸ್ ಇಲಾಖೆಯ ಶೀಘ್ರಲಿಪಿಗಾರರು ಅದನ್ನು ಬರೆದುಕೊಂಡರು. ಆ ಟಿಪ್ಪಣಿಗಳ ಆಧಾರದಲ್ಲೇ ಪುಣೆಯ ಮ್ಯಾಜಿಸ್ಟ್ರೇಟರು ತಿಲಕರಿಂದ 20,000 ರೂಪಾಯಿಯ ಮುಚ್ಚಳಿಕೆ ಕೇಳಿದರು. ಬೊಂಬಾಯಿ ಹೈಕೋರ್ಟಿನಲ್ಲಿ ತಿಲಕರ ಪರ ವಾದಿಸಿದವರು ಮಹಮ್ಮದಾಲಿ ಜಿನ್ನಾ. ಭಾಷಣವನ್ನು ಇಡಿಯಾಗಿ ಓದಬೇಕೆಂಬ ನಿಲುವಿನಿಂದ ಕೋರ್ಟು 1916ರ ನವೆಂಬರ್‌ನಲ್ಲಿ ಆ ಆದೇಶವನ್ನು ರದ್ದುಮಾಡಿತು. ಹಿಡಿಯಲು ಬರೆದುಕೊಂಡ ಮಾತೇ ಬಿಡಿಸಿತು ಎನ್ನಬೇಕು: ಭಾಷಣ ಇಡಿಯಾಗಿ ಕಾಗದದಲ್ಲಿ ಉಳಿದಿರದಿದ್ದರೆ ಇಡಿಯಾಗಿ ಓದುವ ಮಾತೇ ಬರುತ್ತಿರಲಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯಿಂದ ಮುಂಬಯಿಗೆ ಬಂದ ಹುಡುಗರ ಪಾಲಿಗೆ ಶೀಘ್ರಲಿಪಿ ಹೋಟೆಲಿನಿಂದ ಆಫೀಸಿಗೆ ದಾಟುವ ದಾರಿಗಳಲ್ಲೊಂದಾಗಿತ್ತು. ಹಗಲು ಹೋಟೆಲು, ಕ್ಯಾಂಟೀನಿನ ದುಡಿಮೆ. ಸಂಜೆ ಕನ್ನಡ ರಾತ್ರಿಶಾಲೆ. ಮೆಟ್ರಿಕ್ ಆದಮೇಲೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕ್ಲಾಸು. ಊರಲ್ಲೇ ಪರೀಕ್ಷೆ ಮುಗಿಸಿ ಸರ್ಟಿಫಿಕೇಟಿನೊಂದಿಗೆ ಬಂದವರೂ ಇದ್ದರು. ಫೋರ್ಟ್, ಬಲ್ಲಾರ್ಡ್ ಎಸ್ಟೇಟಿನ ಕಂಪನಿಗಳಲ್ಲಿ ದಕ್ಷಿಣದ ಸ್ಟೆನೊಗಳಿಗೆ ಬೇಡಿಕೆಯಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದಾಗ ದಕ್ಷಿಣದವರ ವಿರುದ್ಧ ಎದ್ದ ಆಕ್ರೋಶಕ್ಕೆ ಈ ಗುಮಾಸ್ತ, ಸ್ಟೆನೊ ಕೆಲಸಗಳೂ ಕಾರಣವಾಗಿದ್ದವು. ಸಣ್ಣ ನೌಕರಿಯೆಂದು ಸ್ಟೆನೊ ಕೆಲಸವನ್ನು ಹಗುರಾಗಿ ಕಾಣಬಾರದು. ಊರಿನ ಎಷ್ಟೋ ಮನೆಗಳು ನಡೆದದ್ದು ಈ ಸಂಬಳದ ಮನಿಯಾರ್ಡರಿನಿಂದ.

ಕಂಪ್ಯೂಟರ್ ಬಂದಮೇಲೆ ಕ್ಲಾಸುಗಳು ಒಂದೊಂದಾಗಿ ಮುಚ್ಚಿದವು. ಸ್ಟೆನೊಗಳ ಜೊತೆಗಾರನಾಗಿದ್ದ ಟೈಪ್‌ರೈಟರನ್ನು 1955ರಿಂದ ತಯಾರಿಸುತ್ತಿದ್ದ ಗೋದ್ರೇಜ್ ಕಂಪನಿಯೂ 2009ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಕೋರ್ಟು ಮತ್ತು ಸರ್ಕಾರಿ ಇಲಾಖೆಗಳು ಮಾತ್ರ ಶೀಘ್ರಲಿಪಿಯನ್ನು ಕೈಬಿಟ್ಟಿಲ್ಲ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಸ್ಟೆನೊ ಪರೀಕ್ಷೆಯಲ್ಲಿ ಹತ್ತು ನಿಮಿಷದ ಡಿಕ್ಟೇಶನ್ ಇರುತ್ತದೆ. ವೇಗ ಸಿ ದರ್ಜೆಗೆ ನಿಮಿಷಕ್ಕೆ 100 ಪದ, ಡಿ ದರ್ಜೆಗೆ 80.

ಹವ್ಯಾಸಿಗೆ ಈ ಅವಸರವಿಲ್ಲ. ನಿಮಿಷಕ್ಕೆ 50 ಪದ ಬಂದರೂ ಸಾಮಾನ್ಯ ಕೈಬರಹವನ್ನು ಹಿಂದಿಕ್ಕಿದಂತೆ. ದಿನಚರಿಗೆ, ಉಪನ್ಯಾಸದ ಟಿಪ್ಪಣಿಗೆ ಅದು ಧಾರಾಳ. ಪಿಟ್‌ಮನ್‌ಗೆ ಮೆತ್ತನೆಯ ಪೆನ್ಸಿಲ್ ಅಥವಾ ಬಾಗುವ ನಿಬ್ಬು ಬೇಕು, ಬಾಲ್‌ಪೆನ್ನಿನಲ್ಲಿ ದಪ್ಪ-ತೆಳುವಿನ ಭೇದ ಸರಿಯಾಗಿ ಮೂಡುವುದಿಲ್ಲ. ಬಾಲ್‌ಪೆನ್ನೇ ಬೇಕೆನ್ನುವವರಿಗೆ 1888ರ ಗ್ರೆಗ್ ಪದ್ಧತಿಯಿದೆ, ಅದರಲ್ಲಿ ಆ ಭೇದವೇ ಇಲ್ಲ. ಇಂಗ್ಲಿಷ್ ಅಕ್ಷರಗಳನ್ನೇ ಸವೆಸಿ ರೂಪಿಸಿದ 1968ರ ಟೀಲೈನ್ ಇನ್ನೂ ಬೇಗ ಕೈಗೆ ಹತ್ತುತ್ತದೆ. ಕನ್ನಡದಲ್ಲೇ ಬರೆಯಬೇಕೆನ್ನುವವರಿಗೆ ಕನ್ನಡ ಶೀಘ್ರಲಿಪಿಯಿದೆ. ಕರ್ನಾಟಕ ಸರ್ಕಾರ ಅದಕ್ಕೆ ಪರೀಕ್ಷೆಗಳನ್ನು ನಡೆಸುತ್ತದೆ.