ಮನೆತನದ ಕಾಯಿಲೆ, ಮನೆತನದ ಲೆಕ್ಕ

"ನಮ್ಮ ವಂಶದಲ್ಲೇ ಕಿಡ್ನಿ ವೀಕು." ಮತ್ತಿಕೆರೆಯಿಂದ ರಾಮಯ್ಯ ಆಸ್ಪತ್ರೆಗೆ ಹೋಗೋರ ಬಾಯಲ್ಲಿ ಇಂಥ ಮಾತು ಹೊಸದಲ್ಲ. ಆದರೆ ವಂಶ ಅನ್ನೋದನ್ನ ಲೆಕ್ಕ ಹಾಕಿ ತೋರಿಸೋಕೆ ವೈದ್ಯರಿಗೆ ಶತಮಾನಗಳೇ ಹಿಡಿದವು.

1586ರಲ್ಲಿ ಪೋಲೆಂಡಿನ ರಾಜ ಸ್ಟೀಫನ್ ಬಾಥೊರಿ ತೀರಿಕೊಂಡಾಗ, ಶವ ಪರೀಕ್ಷಿಸಿದವರಿಗೆ ಗೂಳಿಯ ಕಿಡ್ನಿಯಷ್ಟು ದೊಡ್ಡದಾದ, ಉಬ್ಬುಉಬ್ಬಾದ ಕಿಡ್ನಿಗಳು ಕಂಡವು. ಅದು ಪಾಲಿಸಿಸ್ಟಿಕ್ ಕಿಡ್ನಿ, ಅಂದ್ರೆ ಕಿಡ್ನಿ ತುಂಬ ನೀರುಗುಳ್ಳೆ ಬೆಳೆಯೋ ಕಾಯಿಲೆ ಇರಬೇಕು ಅಂತ ಈಗಿನ ವೈದ್ಯರ ಊಹೆ. 1957ರಲ್ಲಿ ಡೆನ್ಮಾರ್ಕಿನ ಡಾಲ್ಗಾರ್ಡ್ 284 ರೋಗಿಗಳ ಮತ್ತು ಅವರ ಕುಟುಂಬಗಳ ಜಾಡು ಹಿಡಿದು ಹೋದರು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ ಅನ್ನೋದು ಗಟ್ಟಿಯಾಯಿತು. 1994ರಲ್ಲಿ ಮುಖ್ಯ ಜೀನೂ ಸಿಕ್ಕಿತು. ಸೋದರಮಾವನ ಮಗಳನ್ನು ತಂದಿದ್ದಕ್ಕೇ ಹೀಗಾಯ್ತು ಅಂತ ನಮ್ಮ ಕಡೆ ಸೊಸೆಯನ್ನು ದೂರೋದುಂಟು. ದೊಡ್ಡವರಲ್ಲಿ ಕಾಣೋ ಈ ಬಗೆಗೆ ಅದು ಕಾರಣವೇ ಅಲ್ಲ.

ಇಂಥವರ ಮೇದೋಜೀರಕ ಗ್ರಂಥಿಯಲ್ಲೂ ಗುಳ್ಳೆ ಇರಬಹುದು. ಸುಮಾರು ಹತ್ತರಲ್ಲಿ ಒಬ್ಬರಿಗೆ. ಎಂಆರ್‌ಐ ಮಾಡಿದರೆ ಇನ್ನೂ ಹೆಚ್ಚು ಜನರಲ್ಲಿ ಕಾಣುತ್ತೆ. ಬಹುಪಾಲು ತೊಂದರೆ ಕೊಡಲ್ಲ. ಅಲ್ಲೇ ಕ್ಯಾನ್ಸರ್ ಆದವರ ವರದಿಗಳೂ ಇವೆ. ಹಾಗಂತ ಒಂದರಿಂದ ಇನ್ನೊಂದು ಬಂತು ಅನ್ನೋಕಾಗಲ್ಲ. ಅದಕ್ಕೆ ದೊಡ್ಡ ಲೆಕ್ಕ ಬೇಕು. ತೈವಾನಿನವರು ಇಡೀ ದೇಶದ ಆರೋಗ್ಯ ವಿಮೆ ದಾಖಲೆ ಜೋಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ರೋಗಿಗಳಿಗೆ ಹೆಚ್ಚು ಅಂತ ಕಂಡಿದ್ದು ಲಿವರ್, ದೊಡ್ಡ ಕರುಳು, ಕಿಡ್ನಿ ಕ್ಯಾನ್ಸರ್. ಮೇದೋಜೀರಕ ಆ ಪಟ್ಟಿಯಲ್ಲಿರಲಿಲ್ಲ.

ನಮ್ಮ ಕಿದ್ವಾಯಿ ಸಂಸ್ಥೆ 1973ರದು. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಅಲ್ಲೇ 1982ರಿಂದ ನಡೀತಿದೆ. ಊರಲ್ಲಿ ಯಾವ ಅಂಗದ ಕ್ಯಾನ್ಸರ್ ಎಷ್ಟು ಅಂತ ಅದು ಹೇಳುತ್ತೆ. ದೊಡ್ಡಪ್ಪ ಡಯಾಲಿಸಿಸ್‌ನಲ್ಲಿದ್ದರು, ಅತ್ತೆ ಕಾಮಾಲೆ ಬಂದು ತೀರಿಕೊಂಡರು ಅನ್ನೋದನ್ನ ಮಾತ್ರ ಮನೆಯವರೇ ಹೇಳಬೇಕು.

ಹೇಳಲ್ಲ. ಮಗಳ ಸಂಬಂಧ ಮುರಿದುಬಿದ್ದೀತು ಅನ್ನೋ ಭಯ. ಆದರೆ ಮುಚ್ಚಿಟ್ಟರೆ, ಅಣ್ಣನಿಗೆ ಕಿಡ್ನಿ ಕೊಡೋಕೆ ಮುಂದೆ ಬಂದ ತಮ್ಮನಿಗೂ ಕಾಯಿಲೆ ಇದೆ ಅನ್ನೋದು ಆಸ್ಪತ್ರೆ ಬಾಗಿಲಲ್ಲಿ ಗೊತ್ತಾಗುತ್ತೆ. ಬೆನ್ನುನೋವು ಬಂದರೆ "ಅದು ಕಿಡ್ನೀದೇ ಬಿಡು" ಅಂತ ಸುಮ್ಮನಾಗ್ತೀವಿ. ಜೊತೆಗೆ ತೂಕ ಇಳಿದರೆ, ಹೊಸದಾಗಿ ಶುಗರ್ ಬಂದರೆ, ಕಣ್ಣು ಹಳದಿಯಾದರೆ ಮೇದೋಜೀರಕವನ್ನೂ ನೋಡಿಸಬೇಕು.

ಡಾಲ್ಗಾರ್ಡ್‌ಗೆ ಕುಟುಂಬಗಳು ಬಾಯಿ ಬಿಟ್ಟಿದ್ದರಿಂದ ಆ ಲೆಕ್ಕ ಸಿಕ್ಕಿತು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಹತ್ತಿರ ಕೂತು, ಯಾರ‍್ಯಾರು ಯಾತರಿಂದ ಹೋದರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಡಾಕ್ಟರ್ ಕೇಳ್ತಾರೆ.