ಎಕ್ಸ್-ರೇಯಲ್ಲಿ ಎರಡು ಗುಳ್ಳೆಗಳು

ಬೀದರಿನ ನೌಬಾದದಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಈ ಸುರಂಗ ಕಾಲುವೆಯಲ್ಲಿ ಎಲ್ಲಾದರೂ ಮಣ್ಣು ಕುಸಿದರೆ ಮೇಲ್ಭಾಗದಲ್ಲಿ ನೀರು ನಿಲ್ಲುತ್ತದೆ, ಕೆಳಭಾಗ ಒಣಗುತ್ತದೆ. ಕೆಲವು ಶಿಶುಗಳು ಇಂಥದೇ ಅಡೆಯನ್ನು ಹೊಟ್ಟೆಯಲ್ಲಿ ಹೊತ್ತು ಹುಟ್ಟುತ್ತವೆ. ಜಠರವನ್ನು ದಾಟಿದೊಡನೆ ಸಿಗುವ ಸಣ್ಣಕರುಳಿನ ಮೊದಲ ಭಾಗ ಡಿಯೋಡಿನಮ್. ಅದು ಮುಚ್ಚಿಹೋಗಿರುವುದೇ 'ಡಿಯೋಡಿನಲ್ ಅಟ್ರೀಸಿಯಾ'. ಸುಮಾರು 5,000ದಿಂದ 10,000 ಜನನಗಳಿಗೆ ಒಂದರಂತೆ ಇದು ಕಾಣಿಸುತ್ತದೆ.

ಈ ದೋಷವನ್ನು 1733ರಲ್ಲೇ ಜೇಮ್ಸ್ ಕಾಲ್ಡರ್ ವರ್ಣಿಸಿದ್ದರು. ಆದರೆ ಚಿಕಿತ್ಸೆ ಇರಲಿಲ್ಲ. ಕುಡಿದ ಹಾಲು ಮುಂದೆ ಸಾಗದೆ ಶಿಶು ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಇದು ಹೇಗೆ ಉಂಟಾಗುತ್ತದೆ? ವಿಯೆನ್ನಾದ ಜೂಲಿಯಸ್ ಟಾಂಡ್ಲರ್ 1900ರಲ್ಲಿ ಒಂದು ವಿವರಣೆ ಕೊಟ್ಟರು. ಭ್ರೂಣದ ಐದಾರನೆಯ ವಾರದಲ್ಲಿ ಒಳಪದರದ ಕೋಶಗಳು ಬೆಳೆದು ಡಿಯೋಡಿನಮನ್ನು ತುಂಬುತ್ತವೆ. ಮುಂದೆ ಅದು ಮತ್ತೆ ಟೊಳ್ಳಾಗಬೇಕು. ಹಾಗಾಗದಿದ್ದರೆ ಅಡೆ ಉಳಿಯುತ್ತದೆ. ಕರುಳಿನ ಕೆಳಭಾಗದ ಅಡೆಗಳ ಕಾರಣ ಬೇರೆ. ಅಲ್ಲಿ ರಕ್ತಪೂರೈಕೆ ಕಡಿತವೇ ಮುಖ್ಯ ಕಾರಣವೆಂದು 1955ರಲ್ಲಿ ನಾಯಿಯ ಭ್ರೂಣಗಳ ಮೇಲಿನ ಪ್ರಯೋಗದಿಂದ ತೋರಿಸಿದವರು ಲೌ ಮತ್ತು ಬರ್ನಾರ್ಡ್. 1967ರಲ್ಲಿ ಮೊದಲ ಬಾರಿ ಮನುಷ್ಯನ ಹೃದಯ ಕಸಿ ಮಾಡಿದವರು ಇದೇ ಬರ್ನಾರ್ಡ್!

1905ರಲ್ಲಿ ಫ್ರಾನ್ಸಿನ ವಿದಾಲ್ ಅವರ ಶಸ್ತ್ರಚಿಕಿತ್ಸೆಯಿಂದ ಇಂಥ ಶಿಶುವೊಂದು ಬದುಕಿತು. ಕಾಲ್ಡರ್ ಅವರ ವರ್ಣನೆಯಿಂದ ಇಲ್ಲಿಗೆ 172 ವರ್ಷ!

ಅಡೆಯನ್ನು ಪತ್ತೆ ಮಾಡುವಲ್ಲಿ ಭೌತವಿಜ್ಞಾನ ನೆರವಾಯಿತು. ಶಿಶು ಹುಟ್ಟಿದೊಡನೆ ಗಾಳಿ ನುಂಗುತ್ತದೆ. ಗಾಳಿಯ ಸಾಂದ್ರತೆ ತೀರ ಕಡಿಮೆ. ಅದು ಕ್ಷ-ಕಿರಣಗಳನ್ನು ಬಹಳ ಸ್ವಲ್ಪವೇ ಹೀರುತ್ತದೆ. ಆದ್ದರಿಂದ ಗಾಳಿ ಇರುವಲ್ಲಿ ಚಿತ್ರ ಕಪ್ಪಾಗುತ್ತದೆ. ಜಠರ ಒಂದು ಗುಳ್ಳೆ, ಉಬ್ಬಿದ ಡಿಯೋಡಿನಮ್ ಇನ್ನೊಂದು ಗುಳ್ಳೆ. ಅದರಾಚೆ ಗಾಳಿಯೇ ಇಲ್ಲದಿದ್ದರೆ ದಾರಿ ಮುಚ್ಚಿದೆ ಎಂದರ್ಥ. ಈಗ ಗರ್ಭಿಣಿಯ ಸ್ಕ್ಯಾನಿಂಗಿನಲ್ಲೂ ದ್ರವ ತುಂಬಿದ ಈ ಜೋಡಿ ಗುಳ್ಳೆಗಳು ಕಾಣಬಹುದು.

ಹೊಲಿಗೆ ಮಾಯುವವರೆಗೆ ಶಿಶುವಿಗೆ ಉಣಿಸುವುದು ಹೇಗೆ? ಹುಟ್ಟುವಾಗಲೇ ಕರುಳು ಮುಚ್ಚಿದ್ದ ಶಿಶುವೊಂದನ್ನು ರಕ್ತನಾಳದ ಮೂಲಕವೇ ಪೋಷಿಸಿ ಬೆಳೆಸಬಹುದೆಂದು 1968ರಲ್ಲಿ ಅಮೆರಿಕದ ವಿಲ್ಮೋರ್ ಮತ್ತು ಡಡ್ರಿಕ್ ವರದಿ ಮಾಡಿದರು. 1977ರಲ್ಲಿ ಜಪಾನಿನ ಕಿಮುರಾ ಹೊಸ ಹೊಲಿಗೆ ತಂದರು. ಅಡೆಯ ಮೇಲಿನ ಭಾಗವನ್ನು ಅಡ್ಡಲಾಗಿ, ಕೆಳಗಿನದನ್ನು ಉದ್ದಕ್ಕೆ ಸೀಳಿ ಜೋಡಿಸಿದರೆ ವಜ್ರಾಕಾರದ ದ್ವಾರ ತೆರೆದೇ ಇರುತ್ತದೆ. ಸುಸಜ್ಜಿತ ಆಸ್ಪತ್ರೆಗಳಲ್ಲಿ ಇಂದು ಶೇ. 90ಕ್ಕೂ ಹೆಚ್ಚು ಶಿಶುಗಳು ಬದುಕುತ್ತವೆ.

ಆದರೆ ಶಿಶು ಸಕಾಲದಲ್ಲಿ ಅಲ್ಲಿಗೆ ತಲುಪಬೇಕು. ಅಧ್ಯಾಪಕರೇ, ವಿದ್ಯಾರ್ಥಿಗಳೇ, ಒಂದು ಮಾತನ್ನು ನಿಮ್ಮ ಊರಿಗೆ ಮುಟ್ಟಿಸಿ. ನವಜಾತ ಶಿಶು ಹಸಿರು ಬಣ್ಣದ ವಾಂತಿ ಮಾಡಿದರೆ ಅದು ಪಿತ್ತರಸ. ಕರುಳಿನಲ್ಲಿ ಅಡೆ ಇರಬಹುದು. ಕರುಳು ತಿರುಚಿಕೊಂಡಿದ್ದರೂ ಹೀಗಾಗಬಹುದು, ಆಗ ಒಂದೊಂದು ಗಂಟೆಯೂ ಅಮೂಲ್ಯ. ದೃಷ್ಟಿಯಾಗಿದೆ ಎಂದು ನಿವಾಳಿಸುತ್ತ, ಮನೆಮದ್ದು ಹಾಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ.