ಬಡವರ ಮನೋಚಿಕಿತ್ಸೆಯೂ ಕಲಿಯುವ ವೈದ್ಯರೂ

ಶ್ರೀಮಠದ ಮಹೋತ್ಸವದ ಈ ಸ್ಮರಣಗ್ರಂಥದಲ್ಲಿ ವಿದ್ಯಾದಾನವನ್ನೂ ಅನ್ನದಾಸೋಹವನ್ನೂ ಕುರಿತು ಬರೆಯತಕ್ಕ ಪ್ರಾಜ್ಞರು ಅನೇಕರಿರುವರು. ಮನಸ್ಸಿನ ರೋಗಗಳನ್ನು ಕುರಿತು, ಅದರಲ್ಲಿಯೂ ಆ ರೋಗಗಳ ಚಿಕಿತ್ಸೆಯನ್ನು ಇನ್ನೂ ಅಭ್ಯಾಸಮಾಡುತ್ತಿರುವ ವಿದ್ಯಾರ್ಥಿಗಳಿಂದ ಬಡವರಿಗೆ ದೊರೆಯುತ್ತ ಬಂದಿರುವ ಉಪಚಾರವನ್ನು ಕುರಿತು ಬರೆಯುವವರು ವಿರಳ. ಆದುದರಿಂದ ಈ ವಿಷಯದ ಪೂರ್ವೋತ್ತರವನ್ನು ಸದ್ಭಕ್ತರ ಮುಂದಿಡಲು ಈ ಲೇಖಕನು ಧೈರ್ಯಮಾಡಿದ್ದಾನೆ.

ಭಾಲ್ಕಿ ತಾಲೂಕಿನ ಸಾಯಗಾಂವದ ಕಡೆಯ ಒಂದು ಒಕ್ಕಲುತನದ ಮನೆಯನ್ನು ವಾಚಕರು ತಮ್ಮ ಕಣ್ಣಮುಂದೆ ತಂದುಕೊಳ್ಳಲಿ. ಇಪ್ಪತ್ತು ವರುಷದ ಮಗನಿಗೆ ನಿದ್ದೆ ತಪ್ಪಿದೆ. ಯಾರೋ ಬೈಯುವಂತೆ ಕೇಳಿಸುತ್ತದೆಂದು ಕಿವಿ ಮುಚ್ಚಿಕೊಳ್ಳುತ್ತಾನೆ. ಹೊಲಕ್ಕೆ ಬರುವುದಿಲ್ಲ, ಮೈ ತೊಳೆಯುವುದಿಲ್ಲ. ಮೊದಲು ದೇವರಿಗೆ ಹರಕೆ, ಬಳಿಕ ದರ್ಗಾಕ್ಕೆ ಲೋಬಾನ, ಆಮೇಲೆ ನೋಡುವವನ ತಾಯತ. ಎರಡು ವರುಷ ಕಳೆದು ಎತ್ತು ಮಾರಿದ ಮೇಲೆ ಆ ತಂದೆತಾಯಿಗಳು ಒಂದು ದೊಡ್ಡ ಆಸ್ಪತ್ರೆಯನ್ನು ಮುಟ್ಟುತ್ತಾರೆ. ಅಲ್ಲಿ ಮೇಜಿನ ಮುಂದೆ ಕುಳಿತವರು ತಲೆ ನರೆತ ವೈದ್ಯರಲ್ಲ. ತಮ್ಮ ಮಗನಿಗಿಂತ ಐದಾರು ವರುಷ ಹಿರಿಯಳಾದ ಒಬ್ಬ ಹುಡುಗಿ. “ಇವರು ಇನ್ನೂ ಕಲಿಯುವವರು” ಎಂದು ಪಕ್ಕದವರು ಪಿಸುಗುಟ್ಟುತ್ತಾರೆ. ಆಗ ಆ ತಂದೆಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಬಡವರೆಂದು ನಮ್ಮ ಮಗನನ್ನು ಇವರ ಪಾಠದ ಪುಸ್ತಕ ಮಾಡಿದರೋ?

ಈ ಪ್ರಶ್ನೆಯು ಅಜ್ಞಾನದ್ದೆಂದು ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ಚರಿತ್ರೆಯು ಏನು ಉತ್ತರ ಕೊಡುತ್ತದೆಂಬುದನ್ನು ನೋಡೋಣ.

ನಮ್ಮ ಪ್ರಾಂತದ ಹಿಂದಿನ ಸ್ಥಿತಿಯನ್ನು ಮೊದಲು ಹೇಳಬೇಕು. ಬೀದರ ಜಿಲ್ಲೆಯು ನಿಜಾಮ ಸಂಸ್ಥಾನದಲ್ಲಿದ್ದಾಗ ಸಂಸ್ಥಾನದ ಮನೋರೋಗಿಗಳಿಗಾಗಿ ಇದ್ದ ಆಸ್ಪತ್ರೆಯು ದೂರದ ಜಾಲನಾದಲ್ಲಿತ್ತು. 1953ರಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಬಂದಿತು. ಅತ್ತ ಮುಂಬಯಿ ಪ್ರಾಂತದ ಕನ್ನಡಿಗರಿಗೆ ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಒಂದು ಆಲಯವು ಏರ್ಪಟ್ಟಿತ್ತು. ಇವುಗಳನ್ನೆಲ್ಲ ಜನರು ಹುಚ್ಚಾಸ್ಪತ್ರೆಗಳೆಂದು ಕರೆದರು. ಹಾಗೆ ಕರೆದುದು ತಪ್ಪಾಗಿರಲಿಲ್ಲ, ಏಕೆಂದರೆ ಆ ಕಾಲದಲ್ಲಿ ಇವು ಬಹುಮಟ್ಟಿಗೆ ರೋಗಿಯನ್ನು ಕೂಡಿಡುವ ಸ್ಥಳಗಳಾಗಿದ್ದವೇ ಹೊರತು ಗುಣಪಡಿಸುವ ಸ್ಥಳಗಳಾಗಿರಲಿಲ್ಲ. ಗೋಡೆ ಎತ್ತರವಾಗಿತ್ತು, ಕಾವಲುಗಾರರಿದ್ದರು. ರೋಗಿಯೊಡನೆ ಒಂದು ತಾಸು ಕುಳಿತು ಅವನ ಮಾತು ಕೇಳುವವರು ಮಾತ್ರ ಇರಲಿಲ್ಲ. 1956ನೆಯ ನವೆಂಬರ 1ರಂದು ಬೀದರವು ಮೈಸೂರು ರಾಜ್ಯವನ್ನು ಸೇರಿದಾಗ ನಮ್ಮವರ ದಾರಿಯು ಬೆಂಗಳೂರಿನತ್ತ ತಿರುಗಿತು. ಆದರೆ ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರು.

ರೋಗಿಯ ಮಾತು ಕೇಳುವುದನ್ನೇ ಒಂದು ವಿದ್ಯೆಯೆಂದು ತಿಳಿದು, ಅದನ್ನು ವಿದ್ಯಾರ್ಥಿಗಳಿಗೆ ಕ್ರಮವಾಗಿ ಕಲಿಸುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿತು. 1896ರಲ್ಲಿ ಅಮೇರಿಕೆಯ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಎಂಬ ಪಂಡಿತನು ಮನಶ್ಶಾಸ್ತ್ರದ ಚಿಕಿತ್ಸಾಲಯವೊಂದನ್ನು ತೆರೆದನು. ಅಲ್ಲಿಗೆ ಮೊದಲು ಬಂದವನು ಅಕ್ಷರಗಳನ್ನು ಸರಿಯಾಗಿ ಕೂಡಿಸಿ ಬರೆಯಲಾರದ ಒಬ್ಬ ಶಾಲೆಯ ಹುಡುಗ. ಅವನನ್ನು ಕರೆತಂದ ಶಿಕ್ಷಕಿಯು ವಿಟ್ಮರನ ತರಗತಿಯಲ್ಲಿ ತಾನೇ ವಿದ್ಯಾರ್ಥಿನಿಯಾಗಿದ್ದಳೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಪರೀಕ್ಷಿಸಿ ನೋಡಲಾಗಿ ಹುಡುಗನ ಕಣ್ಣಿನಲ್ಲಿ ದೋಷವಿತ್ತು. ಶಾಲೆಯವರು ಅಷ್ಟು ದಿನ ಬುದ್ಧಿಯನ್ನು ದೂರಿದ್ದರು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಬರ್ಲಿನ್ ಪಟ್ಟಣದ ವೃತ್ತಾಂತ. 1918ರಲ್ಲಿ, ಮೊದಲ ಮಹಾಯುದ್ಧವು ಮುಗಿಯುವ ಹೊತ್ತಿನಲ್ಲಿ, ಬುಡಾಪೆಸ್ಟ್ ನಗರದ ಸಭೆಯೊಂದರಲ್ಲಿ ಸಿಗ್ಮಂಡ್ ಫ್ರಾಯ್ಡನು ಮಾತನಾಡುತ್ತ, ಶಸ್ತ್ರವೈದ್ಯನ ನೆರವಿಗೆ ಬಡವನು ಎಷ್ಟು ಅರ್ಹನೋ ಮನಸ್ಸಿನ ವೈದ್ಯನ ನೆರವಿಗೂ ಅಷ್ಟೇ ಅರ್ಹನೆಂಬ ಅಭಿಪ್ರಾಯವನ್ನು ಮಂಡಿಸಿದನು. ಅಲ್ಲಿಯವರೆಗೆ ಈ ಚಿಕಿತ್ಸೆಯು ಹಣವಂತರ ಸೊತ್ತಾಗಿತ್ತು. 1920ರ ಫೆಬ್ರುವರಿಯಲ್ಲಿ ಅವನ ಅನುಯಾಯಿಗಳಾದ ಮ್ಯಾಕ್ಸ್ ಐಟಿಂಗನ್ ಮತ್ತು ಅರ್ನ್ಸ್ಟ್ ಸಿಮೆಲ್ ಎಂಬವರು ಬರ್ಲಿನ್ನಿನಲ್ಲಿ ಒಂದು ಧರ್ಮಾರ್ಥ ಚಿಕಿತ್ಸಾಲಯವನ್ನು ತೆರೆದರು. ರೋಗಿಯು ಶಕ್ತ್ಯನುಸಾರ ಕೊಡಬಹುದು, ಇಲ್ಲದವನು ಕೊಡಬೇಕಾಗಿಲ್ಲ. ಆದರೆ ಇಷ್ಟು ಜನ ಬಡರೋಗಿಗಳನ್ನು ನೋಡತಕ್ಕ ವೈದ್ಯರೆಲ್ಲಿ? ಕಲಿಯಲು ಬಂದವರಿಗೇ ಆ ಕೆಲಸವನ್ನು ಒಪ್ಪಿಸಿದರು. ಹಾಗೆ ಒಪ್ಪಿಸುವಾಗ ಒಂದು ಕಟ್ಟನ್ನು ವಿಧಿಸಿದರು. ವಿದ್ಯಾರ್ಥಿಯು ಮೊದಲು ತನ್ನ ಮನಸ್ಸನ್ನೇ ಗುರುವಿನ ಮುಂದೆ ಶೋಧಿಸಿಕೊಳ್ಳಬೇಕು, ಶಾಸ್ತ್ರವನ್ನು ಓದಬೇಕು, ರೋಗಿಯನ್ನು ಕೈಗೆತ್ತಿಕೊಂಡ ಮೇಲೆ ನಡೆದುದನ್ನೆಲ್ಲ ಕಾಲಕಾಲಕ್ಕೆ ಹಿರಿಯನೊಬ್ಬನಿಗೆ ಒಪ್ಪಿಸಿ ತಿದ್ದಿಸಿಕೊಳ್ಳಬೇಕು. ಇಂದು ಲೋಕದಲ್ಲೆಲ್ಲ ಮೇಲ್ವಿಚಾರಣೆ ಎಂಬ ಹೆಸರಿನಿಂದ ನಡೆಯುವ ಕ್ರಮಕ್ಕೆ ಈ ಕಟ್ಟು ಮಾದರಿಯಾಯಿತು. 1922ರಲ್ಲಿ ವಿಯೆನ್ನಾದಲ್ಲಿಯೂ ಇಂಥದೇ ಚಿಕಿತ್ಸಾಲಯ ಹುಟ್ಟಿ 1938ರಲ್ಲಿ ನಾಜಿಗಳ ಆಕ್ರಮಣದಿಂದ ಮುಚ್ಚಿಹೋಯಿತು.

ಅಂದರೆ ಬಡರೋಗಿಯೂ ವಿದ್ಯಾರ್ಥಿಯೂ ಗುರುವಿನ ಕಣ್ಣೂ ಈ ಮೂರು ಒಂದೇ ಸೂರಿನಡಿ ಕೂಡಿದವು. ಮೂರನೆಯದನ್ನು ತೆಗೆದರೆ ಉಳಿದೆರಡರ ಸಂಬಂಧವು ಅನ್ಯಾಯವಾಗುತ್ತದೆ.

ಈಗ ಕನ್ನಡನಾಡಿಗೆ ಬರೋಣ. ಬೆಂಗಳೂರಿನ ಹುಚ್ಚರ ಆಸ್ಪತ್ರೆಯ ಮೂಲವನ್ನು 1847ಕ್ಕೆ ಒಯ್ಯುತ್ತಾರೆ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. 1937ರಲ್ಲಿ ಹೊಸೂರು ರಸ್ತೆಯ ವಿಶಾಲವಾದ ಹೊಸ ನಿವೇಶನಕ್ಕೆ ಸ್ಥಳಾಂತರವಾಯಿತು. ಮೈಸೂರು ಸಂಸ್ಥಾನದಲ್ಲಿ ಆ ಮೊದಲೇ, 1924ರಲ್ಲಿ, ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವು ಪ್ರಾರಂಭವಾಗಿದ್ದಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರನ್ನು ಜನರು ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ನಡೆಸಿ ಆಕಾಶವಾಣಿಗೆ ನಾಂದಿ ಹಾಡಿದವರೆಂದು ನೆನೆಯುತ್ತಾರೆ. ಮನಶ್ಶಾಸ್ತ್ರಕ್ಕೆ ಅವರು ಮಾಡಿದ ಸೇವೆಯನ್ನು ನೆನೆಯುವವರು ಕಡಿಮೆ.

ಹೊಸೂರು ರಸ್ತೆಯ ಆಸ್ಪತ್ರೆಯನ್ನು ವಿದ್ಯಾಲಯವಾಗಿ ಮಾರ್ಪಡಿಸಿದ ಕೀರ್ತಿಯು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರಿಗೆ ಸಲ್ಲಬೇಕು. ಭಾರತದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯು 1946ರಲ್ಲಿ ವರದಿಯನ್ನೊಪ್ಪಿಸಿ, ಮನೋವೈದ್ಯರನ್ನು ಈ ದೇಶದಲ್ಲಿಯೇ ತರಬೇತುಗೊಳಿಸಬೇಕೆಂದು ಸೂಚಿಸಿತ್ತು. ಅದರ ಫಲವಾಗಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಬೆಂಗಳೂರಿನ ಆಸ್ಪತ್ರೆಯ ಮಗ್ಗುಲಲ್ಲಿ ಸ್ಥಾಪಿತವಾಯಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ವೈದ್ಯರಿಗೊಂದು, ಮನಶ್ಶಾಸ್ತ್ರ ಓದಿದವರಿಗೊಂದು ಹೀಗೆ ಡಿಪ್ಲೊಮಾ ತರಗತಿಗಳು ಮರುವರುಷವೇ ಪ್ರಾರಂಭವಾದವು. ದಾದಿಯರ ಶಿಕ್ಷಣವೂ ತರುವಾಯ ಮನೋವೈದ್ಯಕೀಯ ಸಮಾಜಕಾರ್ಯದ ಶಿಕ್ಷಣವೂ ಕೂಡಿಕೊಂಡವು. ಕನ್ನಡದ ವಾಚಕರಿಗೆ ಮೂರ್ತಿಶಿಲ್ಪ, ಆಗಮ, ಭಾರತೀಯ ದರ್ಶನಗಳ ವಿದ್ವಾಂಸರೆಂದು ಪರಿಚಿತರಾದ ಸಾ. ಕೃ. ರಾಮಚಂದ್ರರಾಯರು ಈ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರು. 1974ರ ಡಿಸೆಂಬರ 27ರಂದು ಆಸ್ಪತ್ರೆಯನ್ನೂ ಸಂಸ್ಥೆಯನ್ನೂ ಒಂದುಗೂಡಿಸಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು, ಎಂದರೆ ನಮ್ಮವರು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯನ್ನು, ರಚಿಸಲಾಯಿತು.

ಅಲ್ಲಿಯೂ ಅದರಂಥ ಶಿಕ್ಷಣಾಲಯಗಳಲ್ಲಿಯೂ ಕೆಲಸವು ನಡೆಯುವ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ನಮ್ಮ ಸಾಯಗಾಂವದ ತಂದೆಯ ಸಂಶಯಕ್ಕೆ ಉತ್ತರವಿರುವುದು ಇಲ್ಲಿಯೇ. ಹೊಸ ರೋಗಿಯ ವೃತ್ತಾಂತವನ್ನು ಸಾಮಾನ್ಯವಾಗಿ ತರಬೇತಿಯಲ್ಲಿರುವ ವೈದ್ಯನೇ ಮೊದಲು ಬರೆದುಕೊಳ್ಳುತ್ತಾನೆ. ಹುಟ್ಟು, ಬಾಲ್ಯ, ಓದು, ಊಟ, ನಿದ್ದೆ, ಮನೆಯ ಸಾಲ, ಮದುವೆ, ಮನೆತನದಲ್ಲಿ ಇಂಥ ರೋಗ ಹಿಂದೆ ಯಾರಿಗಾದರೂ ಇತ್ತೆ ಎಂಬುದು, ಆತ್ಮಹತ್ಯೆಯ ವಿಚಾರ ಬಂದಿದೆಯೆ ಎಂಬುದು, ಇಷ್ಟನ್ನೂ ಸಾವಕಾಶವಾಗಿ ಕೇಳಬೇಕು. ನೂರಾರು ರೋಗಿಗಳ ನಡುವೆ ಹಿರಿಯ ವೈದ್ಯನಿಗೆ ಇಷ್ಟು ಹೊತ್ತು ಒಬ್ಬನ ಮುಂದೆ ಕುಳಿತುಕೊಳ್ಳುವುದು ಅಸಾಧ್ಯ. ವಿದ್ಯಾರ್ಥಿಗೆ ಅದೇ ಪಾಠವಾದುದರಿಂದ ಅವನು ಕುಳಿತುಕೊಳ್ಳುತ್ತಾನೆ. ಬಳಿಕ ಆ ವೃತ್ತಾಂತವನ್ನು ಗುರುವಿನ ಮುಂದೆ ಒಪ್ಪಿಸುತ್ತಾನೆ. ಗುರುವು ರೋಗಿಯನ್ನು ತಾನೂ ನೋಡಿ, ಬಿಟ್ಟುಹೋದುದನ್ನು ಕೇಳಿ, ರೋಗ ಇಂಥದೆಂದೂ ಮದ್ದು ಇಂಥದೆಂದೂ ನಿರ್ಣಯಿಸುತ್ತಾನೆ. ಮಾತಿನಿಂದ ಮಾಡತಕ್ಕ ಚಿಕಿತ್ಸೆಯಲ್ಲಿಯಾದರೋ ವಿದ್ಯಾರ್ಥಿಯು ಪ್ರತಿಯೊಂದು ಭೇಟಿಯನ್ನೂ ಬರೆದಿಟ್ಟು, ತಾನು ಎಲ್ಲಿ ಆತುರಪಟ್ಟೆ, ಎಲ್ಲಿ ಕೇಳುವುದನ್ನು ಬಿಟ್ಟು ಉಪದೇಶಕ್ಕೆ ತೊಡಗಿದೆ ಎಂಬುದನ್ನು ಹಿರಿಯರೆದುರು ಲೆಕ್ಕ ಕೊಡಬೇಕು. ಉಪದೇಶದ ಚಟವು ಬಿಡಿಸಲು ಬಹು ಕಷ್ಟವಾದದ್ದೆಂದು ಕಾಣುತ್ತದೆ. ಬರಹಗಾರರಿಗೂ ಅದು ತಪ್ಪಿದ್ದಲ್ಲ.

ಹೀಗೆಂದಮಾತ್ರಕ್ಕೆ ಈ ಕ್ರಮದಲ್ಲಿ ದೋಷಗಳಿಲ್ಲವೆಂದಲ್ಲ. ಎರಡು ದೋಷಗಳನ್ನು ಮರೆಮಾಚದೆ ಹೇಳಬೇಕು. ಮೊದಲನೆಯದು, ವಿದ್ಯಾರ್ಥಿಯು ನಿಲ್ಲುವವನಲ್ಲ. ಕೆಲವು ತಿಂಗಳಲ್ಲಿ ಅವನ ಸರದಿ ಮುಗಿದು ಬೇರೆ ವಿಭಾಗಕ್ಕೆ ಹೋಗುತ್ತಾನೆ. ತನ್ನ ಒಳಗಿನ ಮಾತನ್ನು ಬಹು ಪ್ರಯಾಸದಿಂದ ಒಬ್ಬರ ಮುಂದೆ ಬಿಚ್ಚಿದ ರೋಗಿಯು ಅದನ್ನೇ ಇನ್ನೊಬ್ಬರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತದೆ. ಕೆಲವರು ಬೇಸತ್ತು ಬರುವುದನ್ನೇ ಬಿಡುತ್ತಾರೆ. ಒಳ್ಳೆಯ ಶಿಕ್ಷಣಾಲಯದಲ್ಲಿ ಹೋಗುವವನು ಬರುವವನನ್ನು ರೋಗಿಗೆ ಪರಿಚಯ ಮಾಡಿಸಿ ಹೋಗುವ ಪದ್ಧತಿಯುಂಟು. ಎರಡನೆಯದು ಇನ್ನೂ ಗಂಭೀರವಾದುದು: ಗುರುವು ಕಾರ್ಯಬಾಹುಳ್ಯದಿಂದ ಕಾಗದವನ್ನು ನೋಡಿ ಸಹಿ ಹಾಕಿ, ರೋಗಿಯನ್ನು ನೋಡದೆ ಬಿಟ್ಟರೆ, ಅದು ಮೇಲ್ವಿಚಾರಣೆಯೆನಿಸದು. ಅಂಥಲ್ಲಿ ಬಡವನು ನಿಜವಾಗಿಯೂ ಪಾಠದ ಪುಸ್ತಕವೇ ಆಗುತ್ತಾನೆ. ಸಾಯಗಾಂವದ ತಂದೆಯ ಪ್ರಶ್ನೆಯು ನಿರ್ಮೂಲವಲ್ಲವೆಂದು ಹೇಳಿದ್ದು ಇದಕ್ಕಾಗಿಯೇ.

ಆಸ್ಪತ್ರೆಯ ಗೋಡೆಯಿಂದ ವಿದ್ಯೆಯು ಹೊರಬಿದ್ದುದು 1976ರಲ್ಲಿ, ಬೆಂಗಳೂರಿನ ಸಮೀಪದ ಸಕಲವಾರವೆಂಬ ಹಳ್ಳಿಯಲ್ಲಿ ಗ್ರಾಮೀಣ ಕೇಂದ್ರವೊಂದು ತೆರೆದಾಗ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಅಲ್ಲಿ ಅಲ್ಪಾವಧಿಯ ಶಿಕ್ಷಣ ಪಡೆದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಬಂದಿತು; 1985ರಲ್ಲಿ ನಮ್ಮದೇ ಕಡೆಯ ಬಳ್ಳಾರಿ ಜಿಲ್ಲೆಯನ್ನು ಅದರ ಪ್ರಯೋಗಭೂಮಿಯಾಗಿ ಆರಿಸಿಕೊಂಡರು. ಬಳ್ಳಾರಿಯಲ್ಲಿ ಕಂಡುಬಂದ ಸಂಗತಿಯು ಸರಳವಾದುದು: ಸಾಮಾನ್ಯ ವೈದ್ಯನಿಗೆ ಕೆಲವು ವಾರ ಕಲಿಸಿ, ಮೇಲಿಂದ ಮೇಲೆ ಹೋಗಿ ನೋಡುತ್ತಿದ್ದರೆ, ಹಳ್ಳಿಯ ಮನೋರೋಗಿಗೆ ಹಳ್ಳಿಯ ಸಮೀಪದಲ್ಲಿಯೇ ಮದ್ದು ದೊರಕಿಸಬಹುದು. 1996ರಿಂದ ಈ ಮಾದರಿಯನ್ನೇ ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಿದರು. ಇದೇ ನಿಮ್ಹಾನ್ಸಿನ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳನ್ನು ಕುರಿತು ತಿಳಿಗನ್ನಡದಲ್ಲಿ ಹೇರಳವಾಗಿ ಬರೆದುದಲ್ಲದೆ, ಬೆಂಗಳೂರಿನ ಸಮಾಧಾನ ಕೇಂದ್ರದಲ್ಲಿ ಸಾಮಾನ್ಯ ಗೃಹಸ್ಥರಿಗೂ ಆಪ್ತಸಲಹೆಯ ಶಿಕ್ಷಣ ಕೊಟ್ಟು, ಅವರಿಂದ ಉಚಿತ ಸೇವೆ ಮಾಡಿಸಿದರು.

ಅಗತ್ಯವೆಷ್ಟೆಂಬುದನ್ನು ಅಂಕೆಗಳು ಹೇಳುತ್ತವೆ. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ಪ್ರಾಪ್ತವಯಸ್ಕರಲ್ಲಿ ನೂರಕ್ಕೆ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ರೋಗಭೇದಕ್ಕನುಸಾರವಾಗಿ ಅವರಲ್ಲಿ ನೂರಕ್ಕೆ 70ರಿಂದ 92ರಷ್ಟು ಜನರು ಚಿಕಿತ್ಸೆಯಿಲ್ಲದೆಯೇ ಇದ್ದರು. ಪಕ್ವರಾದ ತಜ್ಞರು ಮಾತ್ರವೇ ನೋಡಬೇಕೆಂದು ಕಾದರೆ ಈ ಜನರ ಸರದಿಯು ಬರುವುದು ಯಾವಾಗ?

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ತೊಡಕುಂಟು. ಅದು ಭಾಷೆ. ಸಾಯಗಾಂವದ ಸುತ್ತ ಕನ್ನಡ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ನಮ್ಮ ಹೆಣ್ಣುಮಗಳೊಬ್ಬಳು “ಜೀವಕ್ಕ ಸಮಾಧಾನ ಇಲ್ಲ, ಎದಿ ಧಸ್ ಅಂತದ” ಎಂದರೆ ದಕ್ಷಿಣದ ವಿದ್ಯಾರ್ಥಿಯು ಹೃದ್ರೋಗವೆಂದು ಬರೆದುಕೊಂಡಾನು. ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೆ ಅಲ್ಲಿಯ ಮಾತು ತೆಲುಗು. ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದುವಿನ ಫಲಕ ತೂಗುಹಾಕಿ ಒಳಗೆ ಕನ್ನಡದ ಪಾಠ ಹೇಳಿಸಿದ ಭಾಲ್ಕಿ ಹಿರೇಮಠದ ಲಿಂಗೈಕ್ಯ ಚೆನ್ನಬಸವ ಪಟ್ಟದ್ದೇವರ ನಾಡಿನವರಿಗೆ, ತನ್ನ ಮಾತಿನಲ್ಲಿ ಹೇಳಿಕೊಳ್ಳುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ದೃಷ್ಟಿಯಿಂದ 2007ರಲ್ಲಿ ಬೀದರದಲ್ಲಿಯೇ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾದುದು ನಮಗೆ ಬೆಂಗಳೂರಿನ ಯಾವ ಘಟನೆಗಿಂತಲೂ ಮಹತ್ವದ್ದು. ಈ ಮಣ್ಣಿನ ಮಕ್ಕಳು ವೈದ್ಯರೂ ಮನಶ್ಶಾಸ್ತ್ರಜ್ಞರೂ ಆಗಲು ಹೊರಟರೆ, ವಿದ್ಯಾರ್ಥಿಯಾಗಿದ್ದಾಗಲೇ ಅವರು ನಮ್ಮವರ ದುಃಖವನ್ನು ತರ್ಜುಮೆಯಿಲ್ಲದೆ ತಿಳಿಯಬಲ್ಲರು. ಈ ಒಂದು ಗುಣದಲ್ಲಿ ಭಾಲ್ಕಿಯ ವಿದ್ಯಾರ್ಥಿಯು ಹೊರನಾಡಿನ ಪಂಡಿತನನ್ನು ಮೀರಿಸುವನೆಂದು ಈ ಲೇಖಕನ ನಂಬಿಕೆ.

ಶ್ರೀಮಠಕ್ಕೆ ಇಂಥ ಸಂಕಟವನ್ನು ಹೊತ್ತು ಬರುವ ಭಕ್ತರಿಗೆ ಕೆಲವು ವ್ಯಾವಹಾರಿಕ ಮಾತುಗಳನ್ನು ಹೇಳಿ ವಿರಮಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ರೋಗಿಯ ಗುಟ್ಟನ್ನು ಕಾಪಾಡತಕ್ಕದ್ದು, ಚಿಕಿತ್ಸೆಯ ವಿಷಯವನ್ನು ಅವನಿಗೆ ತಿಳಿಸತಕ್ಕದ್ದು. ಕಲಿಯುವವರು ನೋಡಿದರೆ ಸಂಕೋಚಪಡದೆ ಅವರ ಗುರುವಿನ ಹೆಸರನ್ನು ಕೇಳಬಹುದು. ಗುರುವು ಎಂದು ನೋಡುವರೆಂದೂ, ಇವರ ಸರದಿ ಮುಗಿದ ಮೇಲೆ ಯಾರು ನೋಡುವರೆಂದೂ ಕೇಳಬಹುದು. ಬೀದರದವರೆಗೂ ಹೋಗಲಾರದವರು 14416 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿದರೆ, 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಏರ್ಪಾಡಿನಲ್ಲಿ, ತರಬೇತಾದ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುವರು, ಹಣ ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆಗೆ ಎರಡನೆಯ ಸಲ ಹೋಗುವಾಗ ಹಿಂದಿನ ಚೀಟಿಗಳನ್ನೂ ಉಳಿದ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಕೂಡಿಸಿ ಒಯ್ಯಬೇಕು. ಹೊಸದಾಗಿ ಬಂದ ವಿದ್ಯಾರ್ಥಿಯು ಮೊದಲು ಕೇಳುವುದು ಅವುಗಳನ್ನೇ.